ವು ಜೆಟಿಯಾನ್ ಸಿಂಹಾಸನ ಏರಲು ಧರ್ಮ ಎಲ್ಲಿ ನೆರವಾಯಿತು, ಎಲ್ಲಿ ಕೈಕೊಟ್ಟಿತು?

ಚೀನಾದ ಇತಿಹಾಸದಲ್ಲಿ ಸ್ವಂತ ಹೆಸರಿನಲ್ಲಿ ಚಕ್ರವರ್ತಿ ಪಟ್ಟ ಏರಿದ ಹೆಣ್ಣು ವು ಜೆಟಿಯಾನ್ ಒಬ್ಬಳೇ. ಧರ್ಮಗಳೆಲ್ಲ ಹೆಣ್ಣನ್ನು ಅಧಿಕಾರದಿಂದ ದೂರ ಇಟ್ಟಿದ್ದ ಕಾಲದಲ್ಲಿ ಆಕೆ ಧರ್ಮವನ್ನು ಮೀರಿ ಗೆದ್ದಳೇ ಎಂಬುದು ನಿಮ್ಮ ಪ್ರಶ್ನೆ. ಮೀರಲಿಲ್ಲ, ಬಳಸಿಕೊಂಡಳು. ಆಗ ಚೀನಾದಲ್ಲಿ ಮೂರು ಪರಂಪರೆಗಳು ಒಟ್ಟಿಗೆ ನಡೆಯುತ್ತಿದ್ದವು: ಕನ್‌ಫ್ಯೂಷಿಯಸ್ ಪಂಥದ ಆಚಾರ, ದಾವೊ ಮತ, ಬೌದ್ಧ ಮತ. ಒಂದು ಮುಚ್ಚಿದ ಬಾಗಿಲನ್ನು ಇನ್ನೊಂದರಿಂದ ತೆರೆಯುವುದೇ ಆಕೆಯ ರಾಜಕಾರಣ.

ಮೊದಲ ಹೆಜ್ಜೆ ಇಟ್ಟದ್ದು ಕನ್‌ಫ್ಯೂಷಿಯಸ್ ಆಚಾರದ ಒಳಗೇ. 666ರಲ್ಲಿ ಗಂಡ, ತಾಂಗ್ ವಂಶದ ಚಕ್ರವರ್ತಿ ಗಾವೊಜಾಂಗ್, ತಾಯ್ ಪರ್ವತದಲ್ಲಿ ಆಕಾಶಕ್ಕೂ ಭೂಮಿಗೂ ಮಹಾಬಲಿ ಅರ್ಪಿಸಿದ. ಭೂಮಿಗೆ ಸಲ್ಲುವ ಪೂಜೆಯಲ್ಲಿ ಗತಿಸಿದ ಪಟ್ಟದರಸಿಯರಿಗೂ ಎಡೆ ಸಲ್ಲುತ್ತದೆ. ಅದನ್ನು ಗಂಡಸು ಅಧಿಕಾರಿಗಳು ಅರ್ಪಿಸುವುದು ಮರ್ಯಾದೆಯಲ್ಲ ಎಂದು ಆಕೆ ವಾದ ಹೂಡಿದಳು. ಗಂಡು ಹೆಣ್ಣು ಬೇರೆಬೇರೆ ಇರಬೇಕು ಎಂಬ ಅವರದೇ ನಿಯಮವನ್ನು ಅವರ ಮುಂದಿಟ್ಟ ವಾದ ಇದು, ಆದ್ದರಿಂದ ಯಾರೂ ತಳ್ಳಿಹಾಕಲಾಗಲಿಲ್ಲ. ಭೂಮಿಪೂಜೆಯ ಮೊದಲ ಅರ್ಪಣೆ ಚಕ್ರವರ್ತಿಯದು, ಎರಡನೆಯದು ಆಕೆಯದು. ಇಡೀ ಸಾಮ್ರಾಜ್ಯದ ಕಣ್ಣೆದುರು ರಾಜ್ಯದ ಅತಿ ದೊಡ್ಡ ವಿಧಿಯಲ್ಲಿ ಪಟ್ಟದರಸಿ ಪಾಲು ಪಡೆದಳು.

ಆದರೆ ಈ ದಾರಿ ಪಟ್ಟದರಸಿಯ ಸ್ಥಾನದವರೆಗೆ ಮಾತ್ರ ಒಯ್ಯಬಲ್ಲದು. ಆಕಾಶದ ಮಗ ಎನಿಸಿಕೊಳ್ಳುವ ಚಕ್ರವರ್ತಿಯ ಪೀಠದಲ್ಲಿ ಹೆಣ್ಣು ಕೂರಲು ಕನ್‌ಫ್ಯೂಷಿಯಸ್ ಪಂಥದ ಗ್ರಂಥಗಳಲ್ಲಿ ಜಾಗವೇ ಇರಲಿಲ್ಲ. ದಾವೊ ಮತವೂ ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ತಾಂಗ್ ಮನೆತನ ತಾನು ದಾವೊ ಮತದ ಮೂಲಪುರುಷ ಲಾವೊತ್ಸೆಯ ವಂಶ ಎಂದು ಹೇಳಿಕೊಳ್ಳುತ್ತಿತ್ತು, ಹಾಗಾಗಿ ಆ ಮತ ಬಲ ಕೊಡುತ್ತಿದ್ದದ್ದು ಗಂಡನ ಮನೆತನಕ್ಕೆ. ಉಳಿದದ್ದು ಬೌದ್ಧ ಮತ.

ಇಲ್ಲಿ ಒಂದು ಗ್ರಂಥ ಮುಖ್ಯ, ಮಹಾಮೇಘ ಸೂತ್ರ. ಅದರಲ್ಲಿ ಬುದ್ಧ ಒಬ್ಬ ದೇವಕನ್ಯೆಗೆ, ಮುಂದೆ ನೀನು ಹೆಣ್ಣಾಗಿಯೇ ಹುಟ್ಟಿ ರಾಜ್ಯ ಆಳುವೆ ಎಂದು ಭವಿಷ್ಯ ಹೇಳುತ್ತಾನೆ. 690ರಲ್ಲಿ ಆಸ್ಥಾನಕ್ಕೆ ಹತ್ತಿರದ ಭಿಕ್ಷುಗಳು ಇದಕ್ಕೆ ವ್ಯಾಖ್ಯಾನ ಬರೆದು, ಆ ರಾಣಿ ಇವಳೇ, ಮುಂದೆ ಬರಲಿರುವ ಬುದ್ಧ ಮೈತ್ರೇಯನ ಅವತಾರವೂ ಇವಳೇ ಎಂದು ಸಾರಿದರು. ಅದೇ ವರ್ಷ ಆಕೆ ತಾಂಗ್ ವಂಶವನ್ನು ಬದಿಗೆ ಸರಿಸಿ ಝೌ ಎಂಬ ಹೊಸ ವಂಶ ಘೋಷಿಸಿದಳು. ಪ್ರತಿ ಪ್ರಾಂತದಲ್ಲೂ ಒಂದು ಮಹಾಮೇಘ ವಿಹಾರ ಇರಬೇಕು, ಅಲ್ಲಿ ಈ ಸೂತ್ರದ ಪ್ರತಿ ಇಟ್ಟು ಪ್ರವಚನ ನಡೆಯಬೇಕು ಎಂದು ಆಜ್ಞೆ ಹೊರಡಿಸಿದಳು. ಸುದ್ದಿಪತ್ರಿಕೆ ಇಲ್ಲದ ಕಾಲದಲ್ಲಿ ಹಳ್ಳಿಯವರೆಗೂ ಮಾತು ಮುಟ್ಟಿಸುವ ಏರ್ಪಾಡು ಇದು. 691ರಲ್ಲಿ ಬೌದ್ಧ ಮತಕ್ಕೆ ದಾವೊ ಮತಕ್ಕಿಂತ ಮೇಲಿನ ಸ್ಥಾನ ಸಿಕ್ಕಿತು.

ಹಳೆಯ ಚರಿತ್ರೆಗಳನ್ನು ಓದುವವರು ಎಡವುವುದು ಇಲ್ಲೇ. ಸೂತ್ರವನ್ನೇ ಹೊಸದಾಗಿ ಸೃಷ್ಟಿಸಿದರು ಎಂದು ಅವು ಆರೋಪಿಸುತ್ತವೆ. ಅದು ಸರಿಯಲ್ಲ. ಸೂತ್ರ 5ನೇ ಶತಮಾನದಲ್ಲೇ ಚೀನೀ ಭಾಷೆಗೆ ಬಂದಿತ್ತು. ಹೊಸದು ವ್ಯಾಖ್ಯಾನ ಮಾತ್ರ, ಅದರ ಹಸ್ತಪ್ರತಿ ವಾಯವ್ಯ ಚೀನಾದ ಡುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿದೆ. ನಿಜವಾಗಿ ಸೇರಿಸಿದ್ದು ಬೇರೆ ಕಡೆ. 693ರಲ್ಲಿ ಬೋಧಿರುಚಿ ಎಂಬ ದಕ್ಷಿಣ ಭಾರತದ ಭಿಕ್ಷು ಅನುವಾದಿಸಿದ ರತ್ನಮೇಘ ಸೂತ್ರದಲ್ಲಿ ಮಹಾಚೀನದಲ್ಲಿ ಹೆಣ್ಣೊಬ್ಬಳು ಆಳುವಳು ಎಂಬ ಭಾಗ ಇದೆ. ಅದೇ ಸೂತ್ರದ ಹಿಂದಿನ ಅನುವಾದಗಳಲ್ಲಿ ಅದು ಇಲ್ಲ. (ನಮಗೆ ಹತ್ತಿರದ ಸಂಗತಿಯೊಂದು: 692ರಲ್ಲಿ ಆಕೆಯ ಆಸ್ಥಾನಕ್ಕೆ ಕಾಣಿಕೆ ಕಳಿಸಿದ ದಕ್ಷಿಣ ಭಾರತದ ಅರಸನ ಹೆಸರನ್ನು ಚೀನೀ ದಾಖಲೆಯಿಂದ ‘ಚಾಲುಕ್ಯ ವಲ್ಲಭ’ ಎಂದು ಓದಲಾಗಿದೆ. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ವಿನಯಾದಿತ್ಯ.)

ಹೆಣ್ಣು ಚಕ್ರವರ್ತಿಯೂ (ಬೌದ್ಧರ ಅರ್ಥದಲ್ಲಿ ಧರ್ಮದಿಂದ ಲೋಕ ಆಳುವ ಅರಸು) ಆಗಲಾರಳು, ಬುದ್ಧನೂ ಆಗಲಾರಳು ಎನ್ನುವ ಮಾತು ಬೌದ್ಧ ಗ್ರಂಥಗಳಲ್ಲೂ ಬರುತ್ತದೆ. ಆದರೂ 693ರಲ್ಲೇ ಆಕೆ ಅಂಥ ಚಕ್ರವರ್ತಿಯ ಲಾಂಛನವಾದ ‘ಸುವರ್ಣಚಕ್ರ’ದ ಬಿರುದು ಧರಿಸಿದಳು. ನನ್ನ ದೃಷ್ಟಿಯಲ್ಲಿ ಇದು ಆಕೆಯ ಅತಿ ದಿಟ್ಟ ಹೆಜ್ಜೆ.

ಲಾಂಗ್‌ಮೆನ್ ಗುಹೆಗಳ 17.14 ಮೀಟರ್ ಎತ್ತರದ ವೈರೋಚನ ಬುದ್ಧನ ಮುಖ ಆಕೆಯದೇ ಎಂದು ಪ್ರವಾಸಿಗಳಿಗೆ ಹೇಳುತ್ತಾರೆ. ಅಲ್ಲಿನ ಶಾಸನ ಹೇಳುವುದು ಇಷ್ಟೇ: 672ರಲ್ಲಿ ಪಟ್ಟದರಸಿ ತನ್ನ ಅಲಂಕಾರದ ಖರ್ಚಿನ ಹಣದಿಂದ ದಾರಕ್ಕೆ ಪೋಣಿಸಿದ ನಾಣ್ಯಗಳ 20,000 ಸರ ಕೊಟ್ಟಳು. ಮುಖದ ಮಾತು ಅದರಲ್ಲಿಲ್ಲ.

ಇನ್ನು ಕೈಕೊಟ್ಟ ಜಾಗ. ಪಟ್ಟ ಏರಲು ಬೌದ್ಧ ಮತ ಸಾಕಾಯಿತು, ಪಟ್ಟವನ್ನು ಮುಂದಿನವರಿಗೆ ದಾಟಿಸಲು ಸಾಕಾಗಲಿಲ್ಲ. ಹೊಸ ವಂಶ ಉಳಿಯಬೇಕಾದರೆ ತವರಿನ ಸೋದರಳಿಯ ವು ಚೆಂಗ್ಸಿಗೆ ಪಟ್ಟ ಕಟ್ಟಬೇಕಿತ್ತು. ಮಂತ್ರಿ ಡಿ ರೆನ್‌ಜಿಯೆ ಆಗ ಪಿತೃಪೂಜೆಯ ಪ್ರಶ್ನೆ ಎತ್ತಿದ: ಮಗ ಆಳಿದರೆ ವಂಶದ ಗುಡಿಯಲ್ಲಿ ತಾಯಿಗೆ ಎಡೆ ತಪ್ಪದು, ಸೋದರಳಿಯ ಚಕ್ರವರ್ತಿಯಾಗಿ ಸೋದರತ್ತೆಗೆ ಎಡೆ ಇಟ್ಟದ್ದು ಎಲ್ಲಾದರೂ ಉಂಟೇ? ಸತ್ತ ಮೇಲೆ ಎಡೆ ಇಡುವವರಿಲ್ಲದೆ ಹೋಗುವುದು ಆ ಸಮಾಜದಲ್ಲಿ ದೊಡ್ಡ ಭಯ. 698ರಲ್ಲಿ ದೂರ ಅಟ್ಟಿದ್ದ ಮಗನನ್ನು ಕರೆಸಿ ಉತ್ತರಾಧಿಕಾರಿ ಮಾಡಿದಳು. ಮಗ ಎಂದರೆ ತಾಂಗ್ ವಂಶ. ಝೌ ವಂಶದ ಕತೆ ಅಂದೇ ಮುಗಿದಿತ್ತು. 705ರ ಕ್ಷಿಪ್ರಕ್ರಾಂತಿ ಅದನ್ನು ಅಧಿಕೃತಗೊಳಿಸಿತು. ಆಕೆಯ ಸಮಾಧಿ ಆದದ್ದು ಗಂಡನ ಪಕ್ಕ, ಪಟ್ಟದರಸಿಯಾಗಿ.

ಆಕೆಯಿಂದ ಸಾಮಾನ್ಯ ಹೆಂಗಸರಿಗೆ ಏನು ಸಿಕ್ಕಿತು ಎಂದೂ ಕೇಳಿದ್ದೀರಿ. ಕಡಿಮೆ, ಆದರೆ ಒಂದು ಬದಲಾವಣೆ ನಿಂತಿತು. ಮೊದಲು ತಂದೆ ಬದುಕಿರುವಾಗ ತಾಯಿ ಸತ್ತರೆ ಮಕ್ಕಳು ಶೋಕ ಆಚರಿಸುತ್ತಿದ್ದದ್ದು ಒಂದೇ ವರ್ಷ. ತಂದೆಗೆ ಸಲ್ಲುವ ಹಾಗೆ ತಾಯಿಗೂ ಮೂರು ವರ್ಷ ಸಲ್ಲಬೇಕೆಂದು 674ರಲ್ಲಿ ಆಕೆ ಸೂಚಿಸಿದಳು. ಪಂಡಿತರು ಮುಂದೆ ಬಹಳ ಆಕ್ಷೇಪ ಎತ್ತಿದರು. ಆದರೂ ಆಕೆ ಸತ್ತು ಕಾಲು ಶತಮಾನ ಕಳೆದ ಮೇಲೆ, 732ರಲ್ಲಿ ತಾಂಗ್ ಅರಸರೇ ಸಿದ್ಧಪಡಿಸಿದ ಆಚಾರಸಂಹಿತೆಯಲ್ಲಿ ಆ ನಿಯಮ ಉಳಿದುಕೊಂಡಿತು.