ಸೆಟ್ ಆಫ್ ಆದ್ಮೇಲೆ ಊರ ಹೆಸರು ನೇರ ಹಾಕ್ಬೋದಾ?

ಇಂಗ್ಲಿಷಲ್ಲಿ ಹೊರಡೋದಕ್ಕೆ ಸೆಟ್ ಆಫ್ ಅಂತಾರಲ್ಲ, "ವಿ ಸೆಟ್ ಆಫ್ ಬೆಂಗಳೂರ್ ಅಟ್ ಸಿಕ್ಸ್" ಸರಿನಾ, ನಿನ್ನೆ ಹೊರಟಿದ್ದಕ್ಕೆ "ಸೆಟೆಡ್ ಆಫ್" ಅನ್ಬೇಕಾ ಅಂತ ಕೇಳಿದೀರ. ಎರಡೂ ತಪ್ಪು.

ಮೊದಲನೇದಕ್ಕೆ ನಮ್ಮ ಕನ್ನಡದಲ್ಲೇ ಉತ್ತರ ಇದೆ ನೋಡಿ. ನಾವು "ಬೆಂಗಳೂರು ಬಿಟ್ವಿ" ಅಂತೀವಿ, ಆದ್ರೆ "ಬೆಂಗಳೂರು ಹೊರಟ್ವಿ" ಅಂದ್ರೆ ಅಲ್ಲಿಂದನೋ ಅಲ್ಲಿಗೋ ಗೊತ್ತಾಗಲ್ಲ, ಇಂದ ಅಥವಾ ಗೆ ಸೇರಿಸ್ಲೇಬೇಕು. ಲೀವ್ ಅನ್ನೋದು ಬಿಡು ಥರ, ಸೆಟ್ ಆಫ್ ಹೊರಡು ಥರ. ಅದಕ್ಕೇ "ವಿ ಲೆಫ್ಟ್ ಬೆಂಗಳೂರ್" ಓಕೆ, ಆದ್ರೆ "ವಿ ಸೆಟ್ ಆಫ್ ಫ್ರಂ ಬೆಂಗಳೂರ್", ಮೈಸೂರಿಗೆ ಆದ್ರೆ "ಸೆಟ್ ಆಫ್ ಫಾರ್ ಮೈಸೂರ್". ಊರಿನ ಹೆಸರಿಗೆ ಟು ಬದಲು ಫಾರ್ ಹಾಕೋದೇ ರೂಢಿ.

ಸೆಟೆಡ್ ಅನ್ನೋ ಪದನೇ ಇಲ್ಲ, ನಿನ್ನೆಗೂ ಸೆಟ್, ದಿನಾಲೂಗೂ ಸೆಟ್, ಹಿ, ಶಿ ಥರದ್ದಕ್ಕೆ ಮಾತ್ರ ದಿನಾಲೂಗೆ ಸೆಟ್ಸ್. "ಶಿ ಸೆಟ್ಸ್ ಆಫ್ ಅಟ್ ಸೆವೆನ್" ಅಂದ್ರೆ ದಿನಾ ಏಳಕ್ಕೆ ಹೊರಡ್ತಾಳೆ, ಆ ಕೊನೇ ಸ್ ತೆಗೆದ್ರೆ ಅವತ್ತು ಹೊರಟ್ಲು ಅಂತ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಡೆ ಹುಷಾರು. ಫೋನಲ್ಲಿ ನಾವು ಇನ್ನೂ ಸಾಕ್ಸ್ ಹುಡುಕ್ತಾ ಇದ್ರೂ "ಹೊರಟೆ ಹೊರಟೆ" ಅಂತೀವಲ್ಲ, ಅದನ್ನ ಇಂಗ್ಲಿಷಲ್ಲಿ "ಐ ಹ್ಯಾವ್ ಸೆಟ್ ಆಫ್" ಅಂದ್ರೆ ಆಗ್ಲೇ ದಾರಿಲಿದೀರಿ ಅಂತ ಅರ್ಥ, ಮ್ಯಾನೇಜರ್ ಎಲ್ಲಿದೀಯ ಲೊಕೇಶನ್ ಕಳ್ಸು ಅಂದ್ರೆ ಕಷ್ಟ :) ಸಾಕ್ಸ್ ಹಂತದಲ್ಲಿ "ಐ ಆಮ್ ಜಸ್ಟ್ ಸೆಟ್ಟಿಂಗ್ ಆಫ್" ಅನ್ನಿ.

ಸೆಟ್ ಔಟ್‌ಗೂ ಪ್ರಯಾಣದ ವಿಷಯದಲ್ಲಿ ಇದೇ ಅರ್ಥ, ಸ್ವಲ್ಪ ದೂರದ, ದೊಡ್ಡ ಪ್ರಯಾಣಕ್ಕೆ ಚೆನ್ನಾಗಿ ಒಪ್ಪುತ್ತೆ. 1930ರ ಮಾರ್ಚ್ 12ಕ್ಕೆ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡ್ಕೊಂಡು ಹೊರಟಿದ್ದನ್ನ "ಗಾಂಧಿ ಸೆಟ್ ಔಟ್ ಫ್ರಂ ಸಾಬರಮತಿ ಫಾರ್ ದಂಡಿ" ಅಂತ ಬರೀಬೋದು, ಸೆಟ್ ಆಫ್ ಹಾಕಿದ್ರೂ ತಪ್ಪಿಲ್ಲ. ಆದ್ರೆ "ಹಿ ಸೆಟ್ ಔಟ್ ಟು ಬ್ರೇಕ್ ದ ಸಾಲ್ಟ್ ಲಾ" ಅಂದಾಗ ಕಾನೂನು ಮುರಿಯೋ ಉದ್ದೇಶ ಇಟ್ಕೊಂಡೇ ಶುರು ಮಾಡಿದ್ರು ಅಂತ, ಅಲ್ಲಿ ಮಾತ್ರ ಔಟೇ ಬೇಕು.

ಪಟಾಕಿ ಹೊಡೆಯೋದಕ್ಕೂ, ಅಲಾರಂ ಬಡಿಯೋ ಹಾಗೆ ಮಾಡೋದಕ್ಕೂ ಸೆಟ್ ಆಫ್ ಅಂತಾರೆ. ಅಲ್ಲಿ "ಸೆಟ್ ದ ಅಲಾರಂ ಆಫ್" ಅಂತ ನಡುವೆ ಪದ ತುರುಕ್ಬೋದು, ಪ್ರಯಾಣದ ಸೆಟ್ ಆಫ್‌ನಲ್ಲಿ ಆ ಥರ ಆಗಲ್ಲ.

ನಿಮ್ಮ ವಾಕ್ಯ ಬೇಕಂದ್ರೆ "ವಿ ಸೆಟ್ ಆಫ್ ಫ್ರಂ ಬೆಂಗಳೂರ್ ಅಟ್ ಸಿಕ್ಸ್" ಅಂತ ಬರೀರಿ.