ಜನರು ಒಳ್ಳೆಯವರಾಗಿದ್ದರೆ ಸರ್ಕಾರ ಏಕೆ ಬೇಕು?

"ಜನರೆಲ್ಲ ಒಳ್ಳೆಯವರಾಗಿದ್ದರೆ ಸರ್ಕಾರವೇ ಬೇಕಿಲ್ಲ ಅಲ್ಲವೇ?" ಎಂದು ಕೇಳಿದ್ದೀರಿ. ಇಲ್ಲ, ಆಗಲೂ ಬೇಕು. ನಾನು ರಾಯಚೂರು ಜಿಲ್ಲೆಯವನು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಈ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಭಾಗಗಳನ್ನು ಹಾದು ರಾಯಚೂರು ತಾಲ್ಲೂಕಿನಲ್ಲಿ ಮುಗಿಯುವಷ್ಟರಲ್ಲಿ 220 ಕಿ.ಮೀ.ಗೂ ಹೆಚ್ಚು ಸಾಗುತ್ತದೆ. ಯೋಜನೆ ಮಾಡಿದವರು ಬಹುಪಾಲು ಜಮೀನಿನಲ್ಲಿ ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆಯನ್ನೇ ಲೆಕ್ಕ ಹಿಡಿದಿದ್ದರು. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕಾಲುವೆ ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟು, ಪೈಪ್ ಎಳೆದು, ಅಚ್ಚುಕಟ್ಟಿನ, ಅಂದರೆ ಕಾಲುವೆ ನೀರಿಗೆ ಗೊತ್ತುಮಾಡಿದ ಜಮೀನಿನ, ಹೊರಗಿನ ಹೊಲಗಳಿಗೂ ನೀರು ಒಯ್ದರು. ಹಾಗೆ ಮಾಡಿದವರು ದುಷ್ಟರಲ್ಲ. ಅವರಲ್ಲಿ ನಮ್ಮ ಬೀಗರೂ ಇದ್ದಾರೆ. ತೆನೆ ಬಿಡುವ ಭತ್ತ ಬಾಡುತ್ತಿರುವಾಗ, ಕಣ್ಣೆದುರೇ ನೀರು ಹರಿಯುತ್ತಿದ್ದರೆ ಯಾವ ರೈತನ ಕೈ ಸುಮ್ಮನಿರುತ್ತದೆ? ನನ್ನ ಹೊಲ ಅಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ತನ್ನದೊಂದು ಪೈಪಿನಿಂದ ಏನಾದೀತು ಎಂದು ಪ್ರತಿಯೊಬ್ಬನೂ ನಂಬಿರುತ್ತಾನೆ. ಅಂಥ ಪೈಪುಗಳೆಲ್ಲ ಸೇರಿ ನಮ್ಮ ಉಪಕಾಲುವೆ ನೀರಿಲ್ಲದೆ ಒಣಗಿ ಅದರಲ್ಲಿ ಜಾಲಿ ಬೆಳೆಯುತ್ತದೆ. ಅಷ್ಟು ದೂರದಲ್ಲಿ ಒಣಗುವ ನನ್ನ ಹತ್ತಿ ಅವನಿಗೆ ಕಾಣುವುದೇ ಇಲ್ಲ.

ಹಿರಿಯರು ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಲು ಇದು ಒಂದೂರಿನ ಕೆರೆಯಲ್ಲ. ನೀರು ಯಾವ ತಾರೀಖಿನವರೆಗೆ ಎಂದು ನೀರಾವರಿ ಸಲಹಾ ಸಮಿತಿ ನಿಗದಿ ಮಾಡಬೇಕು. ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜ್ ಕಾಯುವವರು ಇರಬೇಕು. ಅಕ್ರಮ ಪೈಪು ಕೀಳಿಸಲು ತಹಶೀಲ್ದಾರರು ಪೊಲೀಸರೊಂದಿಗೆ ಬರಬೇಕು. ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹಾಕಿ ಅದನ್ನು ನಿಜವಾಗಿ ಜಾರಿ ಮಾಡಿದಾಗ ನೀರು ನಮ್ಮ ತೂಬಿನವರೆಗೆ ಬಂದಿದೆ. ಬೀಗರ ಒಳ್ಳೆಯತನದಿಂದ ಒಮ್ಮೆಯೂ ಬಂದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಈ ಕಾಲುವೆಗೆ ನೀರು ಕೊಡುವ ತುಂಗಭದ್ರಾ ಜಲಾಶಯದಲ್ಲಿ, ಸರಪಳಿ ತುಂಡಾಗಿ, ನೀರನ್ನು ನದಿಗೆ ಬಿಡುವ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಸೇರಿದ ನೀರು ಕಣ್ಣೆದುರೇ ನದಿ ಪಾಲಾಗುತ್ತಿತ್ತು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿದರು. ಯಾವ ಊರು, ಯಾವ ಸಿರಿವಂತ ತಾನೊಬ್ಬನೇ ಇದನ್ನು ಮಾಡಿಯಾನು? ಏಳು ದಶಕ ಹಳೆಯ ಗೇಟನ್ನು ಮೊದಲೇ ಏಕೆ ಬದಲಿಸಲಿಲ್ಲ ಎಂಬ ಸಿಟ್ಟು ನನಗೂ ಇದೆ. ಆದರೆ ಸಿಟ್ಟನ್ನು ಹೇಳಿಕೊಳ್ಳಲು ಒಂದು ಬಾಗಿಲಿದೆ. ದಂಡೆಯುದ್ದಕ್ಕೂ ಇರುವ ಪೈಪುಗಳಿಗೆ ನಾನು ಮನವಿ ಕೊಡಲಾರೆ. ಜಿಲ್ಲಾಧಿಕಾರಿಗೆ ಕೊಡಬಲ್ಲೆ, ಉತ್ತರ ಬಾರದಿದ್ದರೆ ರಸ್ತೆ ತಡೆದು ಕೇಳಬಲ್ಲೆ, ಮುಂದಿನ ಚುನಾವಣೆಯಲ್ಲಿ ಬೇರೆಯವರಿಗೆ ಮತ ಹಾಕಬಲ್ಲೆ.