ವಿಂಗರ್‌ಗೆ ಅಷ್ಟೊಂದು ದುಡ್ಡು ಬೇಕಿತ್ತಾ?

ಪ್ರಶ್ನೆ: ನಮ್ಮ ಫುಟ್‌ಬಾಲ್ ಟೀಮ್ ಮೈದಾನದ ಅಂಚಲ್ಲಿ ಆಡೋ ಹೊಸ ವಿಂಗರ್‌ಗೆ ಸಿಕ್ಕಾಪಟ್ಟೆ ದುಡ್ಡು ಸುರಿದಿದೆ, ಫ್ರೆಂಡ್ಸೆಲ್ಲಾ ವೇಸ್ಟ್ ಅಂತಿದಾರೆ, ನೀವೇನಂತೀರಾ?

ಉತ್ತರ: ಬರೀ ರೇಟ್ ನೋಡಿ ಹೇಳೋಕಾಗಲ್ಲ ಕಣ್ರೀ. 2017ರಲ್ಲಿ ಲಿವರ್‌ಪೂಲ್ 42 ಮಿಲಿಯನ್ ಯೂರೋಗೆ ತಂದ ಸಲಾಹ್ ಮೊದಲ ಸೀಸನ್ನಲ್ಲೇ ಲೀಗಲ್ಲಿ 32 ಗೋಲ್ ಹೊಡೆದ, ಅದೇ 2022ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 95 ಮಿಲಿಯನ್ ಕೊಟ್ಟ ಆಂಟನಿ ತನ್ನ ಮೊದಲ ಸೀಸನ್ನಲ್ಲಿ ಲೀಗಲ್ಲಿ ಹೊಡೆದಿದ್ದು ಬರೀ 4. ಇಬ್ರೂ ಬಲಗಡೆ ಆಡೋ ಎಡಗಾಲಿನವರೇ, ಆದ್ರೆ ಸಲಾಹ್ ಬಾಲ್ ಇಲ್ಲದಾಗ್ಲೂ ಡಿಫೆಂಡರ್ ಬೆನ್ನ ಹಿಂದೆ ಗೋಲ್ ಮುಂದಿನ ಬಾಕ್ಸ್‌ಗೆ ನುಗ್ತಿದ್ದ, ಆಂಟನಿ ಕಾಲಿಗೇ ಬಾಲ್ ಕೇಳಿ ಅಂಚಿಂದ ಮಧ್ಯಕ್ಕೆ ಕಟ್ ಮಾಡ್ತಿದ್ದ, ಅದನ್ನ ತಡೆಯೋದು ಸುಲಭ. ಹಾಗಾಗಿ ಸ್ಕಿಲ್ ವಿಡಿಯೋ ಬಿಡಿ, ನಿಮ್ಮ ಹುಡುಗ ಬಾಲ್ ಇಲ್ಲದಾಗ ಎಲ್ಲಿಗೆ ಓಡ್ತಾನೆ ನೋಡಿ, ನನಗಂತೂ ದುಡ್ಡು ಕೊಡಬೇಕಾದ್ದು ಅದಕ್ಕೇ ಅನ್ಸುತ್ತೆ.